ಐವತ್ತು ತುಂಬಿದ ಬೆಳಿಗ್ಗೆ, ಒಂದು ಗೂಡಿನ ಕೆಳಗೆ

ಐವತ್ತಕ್ಕೆ ಹಾಲ್ ಬುಕ್ ಮಾಡೋಣ, ನೂರು ಜನಕ್ಕೆ ಊಟ ಹಾಕಿಸೋಣ ಎಂದು ಮನೆಯಲ್ಲಿ ಮಾತು ಶುರುವಾದ ದಿನವೇ ನಾನು ತಪ್ಪಿಸಿಕೊಳ್ಳುವ ದಾರಿ ಹುಡುಕತೊಡಗಿದ್ದೆ. ಫೋನಿಗೆ ಸಿಗ್ನಲ್ ಇಲ್ಲದ, ಯಾರೂ ಹಾರ ಹಿಡಿದು ಬರಲಾಗದ ಜಾಗ ಬೇಕಿತ್ತು. ಬೋರ್ನಿಯೋ ದ್ವೀಪದ ಸಬಾ ರಾಜ್ಯದ ಡಾನಮ್ ಕಣಿವೆ ಸಿಕ್ಕಿತು. ಒಬ್ಬಳೇ ಹೋಗುತ್ತೇನೆ ಎಂದಿದ್ದೆ. ಅಕ್ಕ ಬಿಡಲಿಲ್ಲ. ನನಗಿಂತ ಆರು ವರ್ಷ ದೊಡ್ಡವಳು, ಜಿರಳೆ ಕಂಡರೆ ಕುರ್ಚಿ ಹತ್ತುವವಳು. "ನೀನು ಕಾಡಲ್ಲಿ ಕಳೆದುಹೋದರೆ ಉತ್ತರ ಹೇಳೋಳು ನಾನು" ಎಂದು ತನ್ನ ಟಿಕೆಟ್ಟನ್ನೂ ಮಾಡಿಸಿಯೇಬಿಟ್ಟಳು.

ಮೊದಲ ದಿನ

ಕ್ವಾಲಾಲಂಪುರದಲ್ಲಿ ವಲಸೆ ತಪಾಸಣೆ ಮುಗಿಸಿಕೊಂಡು ಕೋಟಾ ಕಿನಬಾಲುವಿಗೆ ಬಂದಿಳಿದರೆ ಅಲ್ಲಿ ಮತ್ತೆ ಪಾಸ್‌ಪೋರ್ಟ್ ಕೇಳಿದರು. ಒಂದೇ ದೇಶ ಅಲ್ಲವಾ ಎಂದು ಅಕ್ಕ ಗೊಣಗಿದಳು. ದೇಶ ಒಂದೇ. ಆದರೆ 1963ರಲ್ಲಿ ಮಲೇಷ್ಯಾ ಒಕ್ಕೂಟ ಸೇರುವಾಗ, ತನ್ನ ನೆಲಕ್ಕೆ ಯಾರು ಬರಬೇಕು ಯಾರು ಬರಬಾರದು ಎಂಬ ಹತೋಟಿಯನ್ನು ಸಬಾ ತನ್ನ ಕೈಯಲ್ಲೇ ಉಳಿಸಿಕೊಂಡಿತು. ಕ್ವಾಲಾಲಂಪುರದ ಮಲೇಷ್ಯನ್ನರೂ ಇಲ್ಲಿ ಸಾಲಿನಲ್ಲಿ ನಿಂತು ಗುರುತು ತೋರಿಸಬೇಕು. ನಮ್ಮ ಮುಂದೆಯೇ ನಾಲ್ಕೈದು ಜನ ನಿಂತಿದ್ದರು, ಅದು ನೋಡಿದ ಮೇಲೆ ಅಕ್ಕನಿಗೆ ಸ್ವಲ್ಪ ಸಮಾಧಾನ.

ಅಲ್ಲಿಂದ ಲಹದ್ ದಾತುವಿಗೆ ರೆಕ್ಕೆಯ ಮೇಲೆ ಫ್ಯಾನು ತಿರುಗುವ ಪುಟ್ಟ ವಿಮಾನ. ಒಂದು ಗಂಟೆಯೂ ಇಲ್ಲ. ಮೋಡದ ಮೇಲೆ ಕಿನಬಾಲು ಪರ್ವತದ ಕಪ್ಪು ಕಲ್ಲಿನ ಹಲ್ಲುಗಳು ಕಂಡವು. 4,095 ಮೀಟರ್ ಎತ್ತರ. ಅದು ಹಿಂದೆ ಸರಿದ ಮೇಲೆ ಕೆಳಗೆ ಹಸಿರು, ಹಸಿರು, ಮತ್ತೂ ಹಸಿರು. "ಅಬ್ಬಾ, ಎಷ್ಟು ಕಾಡು!" ಎಂದಳು ಅಕ್ಕ. ನಾನೂ ಹಾಗೇ ಅಂದುಕೊಂಡಿದ್ದೆ. ವಿಮಾನ ತಗ್ಗಿದಾಗ ಆ ಹಸಿರು ಸಾಲುಸಾಲಾಗಿ, ಸ್ಕೇಲ್ ಇಟ್ಟು ಎಳೆದ ಹಾಗೆ ಕಾಣಿಸಿತು. ಎಲ್ಲವೂ ಎಣ್ಣೆತಾಳೆಯ ತೋಟ. ಇಳಿಯುವ ತನಕ ಬೇರೇನೂ ಕಾಣಲಿಲ್ಲ. ನಾವು ಹುಡುಕಿಕೊಂಡು ಬಂದ ಕಾಡು ಇದರ ಆಚೆ ಎಲ್ಲೋ ಇತ್ತು.

ಲಹದ್ ದಾತು ಸಮುದ್ರದ ದಂಡೆಯ ಊರು, ಒಣಮೀನಿನ ವಾಸನೆಯ ಸಂತೆಬೀದಿ. ಹೊರಡುವ ಮುಂಚೆ ಡಾಕ್ಟರು ಸೊಳ್ಳೆಯ ಬಗ್ಗೆ ಸಾಕಷ್ಟು ಹೆದರಿಸಿ ಕಳಿಸಿದ್ದರು. ಸಬಾದಲ್ಲಿ ಈಗ ಕಾಣುವ ಮಲೇರಿಯಾ ಬಹುಪಾಲು ಕೋತಿಗಳಿಂದ ಸೊಳ್ಳೆಯ ಮೂಲಕ ಮನುಷ್ಯರಿಗೆ ಬರುವ ಬಗೆಯದು. ಹಾಗಾಗಿ ಸೊಳ್ಳೆ ಮುಲಾಮು ಕೊಳ್ಳಲು ಹೊರಟೆವು. ಅಕ್ಕ ಮುಲಾಮಿನ ಜೊತೆಗೆ ಒಂದು ಜೊತೆ ಕಪ್ಪು ರಬ್ಬರ್ ಶೂ ಕೊಂಡಳು. ತಳದಲ್ಲಿ ಗುಬಟುಗಳು, ಮೇಲೆ ಒಂದು ಹೊಲಿಗೆಯೂ ಇಲ್ಲ, ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ. ತೋಟದ ಕೂಲಿಗಳು, ಬೆಟ್ಟ ಹತ್ತುವ ಹಮಾಲರು ಎಲ್ಲರೂ ಹಾಕುವುದು ಇದನ್ನೇ. ಇಲ್ಲಿಯವರು ತಮಾಷೆಗೆ 'ಅಡಿಡಾಸ್ ಕಂಪುಂಗ್' ಅನ್ನುತ್ತಾರೆ. ಕಂಪುಂಗ್ ಎಂದರೆ ಹಳ್ಳಿ. ನಾನು ಎಂಟು ವರ್ಷದ ಹಿಂದೆ ದುಬಾರಿ ಬೆಲೆಗೆ ಕೊಂಡು ಕಪಾಟಿನಲ್ಲಿ ಜೋಪಾನ ಮಾಡಿದ್ದ ಟ್ರೆಕ್ಕಿಂಗ್ ಶೂ ತೋರಿಸಿ ನಕ್ಕೆ. ಆ ನಗು ಎರಡು ದಿನ ಬಾಳಿತು.

ಎರಡನೇ ದಿನ

ಬೆಳಿಗ್ಗೆ ಲಾಡ್ಜಿನ ವ್ಯಾನ್ ಬಂತು. ಸ್ವಲ್ಪ ದೂರ ಟಾರು, ಆಮೇಲೆ ಜಲ್ಲಿ. ಎರಡೂವರೆ ಗಂಟೆ ಹೊಟ್ಟೆಯೊಳಗಿನದೆಲ್ಲ ಜಾಗ ಬದಲಾಯಿಸಿಕೊಂಡಿತು. ಈ ರಸ್ತೆ ಮಾಡಿದ್ದು ನಮ್ಮಂಥವರಿಗಾಗಿ ಅಲ್ಲ, ದಿಮ್ಮಿ ಸಾಗಿಸುವ ಲಾರಿಗಳಿಗಾಗಿ. ಯಾಯಾಸನ್ ಸಬಾ ಎಂಬ ಸರ್ಕಾರಿ ಪ್ರತಿಷ್ಠಾನಕ್ಕೆ ಈ ಭಾಗದಲ್ಲಿ ಸುಮಾರು 10 ಲಕ್ಷ ಹೆಕ್ಟೇರ್ ಕಾಡನ್ನು ಮರ ಕಡಿಯಲು ಬಿಟ್ಟುಕೊಟ್ಟಿದ್ದರು. ಅದರ ನಡುವೆ 438 ಚದರ ಕಿಲೋಮೀಟರನ್ನು ಮುಟ್ಟದೆ ಉಳಿಸಿಕೊಂಡರು. ಅದೇ ಡಾನಮ್. 1995ರಲ್ಲಿ ಅದಕ್ಕೆ ಮೊದಲ ದರ್ಜೆಯ ರಕ್ಷಿತಾರಣ್ಯದ ಪಟ್ಟ ಸಿಕ್ಕಿತು. ಕಡಿದವರೇ ಕಾಯ್ದದ್ದು ಎಂಬ ವಿಚಿತ್ರವನ್ನು ಹೇಗೆ ಅರಗಿಸಿಕೊಳ್ಳಬೇಕೋ ನನಗೆ ಈಗಲೂ ಗೊತ್ತಾಗಿಲ್ಲ. ಉಳಿದಿದೆ, ಅಷ್ಟಂತೂ ನಿಜ.

ದಾರಿಯಲ್ಲಿ ಆನೆಲದ್ದಿ ಸಿಕ್ಕಿತು, ಇನ್ನೂ ಹಬೆಯಾಡುತ್ತಿತ್ತು. ಆನೆ ಸಿಗಲಿಲ್ಲ. ಬೋರ್ನಿಯೋದ ಆನೆ ಗಾತ್ರದಲ್ಲಿ ಚಿಕ್ಕದು, ಬಾಲ ಮಾತ್ರ ನೆಲ ಗುಡಿಸುವಷ್ಟು ಉದ್ದ. ಡ್ರೈವರ್ ಎಂಜಿನ್ ಆಫ್ ಮಾಡಿ ಐದು ನಿಮಿಷ ಕಿವಿಗೊಟ್ಟ. ಬಿದಿರು ಮುರಿಯುವ ಸದ್ದು ಒಂದೇ ಒಂದು ಸಲ ಬಂತು, ಅಷ್ಟೆ.

ಲಾಡ್ಜ್ ಡಾನಮ್ ನದಿಯ ತಿರುವಿನಲ್ಲಿದೆ. ಮರದ ಕಂಬಗಳ ಮೇಲೆ ನಿಂತ ಮನೆಗಳು, ನಡುವೆ ಹಲಗೆಯ ದಾರಿ. ನಮಗೆ ಸಿಕ್ಕ ಗೈಡ್ ಇಪ್ಪತ್ತೆಂಟು ಮೂವತ್ತರ ಹುಡುಗ. ಮೊದಲ ಮಾತಿಗೇ ಅಕ್ಕನನ್ನು "ಕಾಕ್" ಎಂದ. ಅಕ್ಕ ಹುಬ್ಬು ಗಂಟಿಕ್ಕಿದಳು. ಮಲಯ ಭಾಷೆಯಲ್ಲಿ ಕಾಕಾಕ್ ಎಂದರೆ ಅಕ್ಕ, ಕಾಕ್ ಅದರ ಮೊಟಕು ರೂಪ ಎಂದು ಅವನೇ ವಿವರಿಸಿದ. ಅಲ್ಲಿಂದ ಮುಂದೆ ಇಬ್ಬರೂ ಭಾಷೆಯ ಆಟಕ್ಕೆ ಬಿದ್ದರು. ಮುಖಕ್ಕೆ ಮುಕಾ, ಹೆಸರಿಗೆ ನಾಮಾ, ಗುರುವಿಗೆ ಗುರು, ಮನುಷ್ಯನಿಗೆ ಮನುಸಿಯಾ. ಗಂಡನಿಗೆ ಸುವಾಮಿ ಎಂದಾಗ ಅಕ್ಕ ಊಟದ ಮೇಜಿನ ಮೇಲೆ ಬಿದ್ದು ನಕ್ಕಳು. ಓರಾಂಗ್ ಎಂದರೆ ಜನ, ಹುತಾನ್ ಎಂದರೆ ಕಾಡು. ಇಲ್ಲಿನ ದೊಡ್ಡ ವಾನರ ಒರಾಂಗುಟಾನ್ ಅಂದರೆ ಕಾಡಿನ ಜನ. "ಅವರು ಎಲ್ಲಿದ್ದಾರೆ, ತೋರಿಸು" ಎಂದಳು. ಗೈಡ್ ಗಲ್ಲ ಎತ್ತಿ ಮೇಲೆ ತೋರಿಸಿದ. ಮೇಲೆ ಎಲೆಯ ಹೊರತು ಏನೂ ಇರಲಿಲ್ಲ.

ಉಂಬಳ (ಜಿಗಣೆ) ಹತ್ತದಂತೆ ತಡೆಯುವ ಕಾಲುಚೀಲ ಕೊಟ್ಟರು. ದಪ್ಪ ಹತ್ತಿಬಟ್ಟೆಯದು, ಮೊಣಕಾಲಿನವರೆಗೆ ಬಂದು ಅಲ್ಲಿ ದಾರದಿಂದ ಬಿಗಿಯುವಂಥದ್ದು. ಇಲ್ಲಿನ ಉಂಬಳಗಳಲ್ಲಿ ಎರಡು ಪಂಗಡ. ಕಂದು ಬಣ್ಣದ್ದು ನೆಲದ ತರಗೆಲೆಯಲ್ಲಿರುತ್ತದೆ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಹುಲಿ ಉಂಬಳ ಸೊಂಟದೆತ್ತರದ ಎಲೆಯ ತುದಿಯಲ್ಲಿ ನಿಂತು, ದೇಹ ಪೂರ್ತಿ ಚಾಚಿ, ಗಾಳಿಯಲ್ಲಿ ತೂಗಾಡುತ್ತ ಕಾಯುತ್ತದೆ. ಮೈಮೇಲೆ ಹಳದಿ ಕಿತ್ತಳೆ ಪಟ್ಟೆ. ಅದು ಕಚ್ಚಿದರೆ ಚುರ್ ಎನ್ನುತ್ತದೆ. ಕಾಲುಚೀಲ ಎಷ್ಟೇ ಉದ್ದ ಇದ್ದರೂ ಸೊಂಟದ ಮೇಲೆ ನಿಮ್ಮ ಹಣೆಬರಹ.

ಸಂಜೆ ಆರಕ್ಕೆ ಸರಿಯಾಗಿ ಕಾಡು ಕಿರುಚಿತು. ಬೇರೆ ಪದ ಸಿಗುತ್ತಿಲ್ಲ. ಆರು ಗಂಟೆಯ ಜೀರುಂಡೆ ಎಂದೇ ಅದಕ್ಕೆ ಹೆಸರು, ಅಂಗೈ ಅಗಲದ ದೊಡ್ಡ ಜಾತಿ. ಯಾರೋ ತುತ್ತೂರಿಯನ್ನು ಗರಗಸಕ್ಕೆ ಉಜ್ಜಿದ ಹಾಗೆ. ಒಂದು ಶುರು ಮಾಡಿದ್ದೇ ತಡ, ಇಡೀ ಕಣಿವೆ ಸೇರಿಕೊಂಡಿತು. ಇಪ್ಪತ್ತು ನಿಮಿಷ ಇಬ್ಬರೂ ಸನ್ನೆಯಲ್ಲೇ ಮಾತಾಡಿದೆವು. ಆಮೇಲೆ ಸ್ವಿಚ್ ಆರಿಸಿದಂತೆ ನಿಂತಿತು, ಕತ್ತಲಾಯಿತು.

ರಾತ್ರಿಯ ನಡಿಗೆಯಲ್ಲಿ ಟಾರ್ಚನ್ನು ಹಣೆಗೆ ಕಟ್ಟಿಕೊಂಡರೆ ನೆಲದ ತುಂಬ ಹಸಿರುನೀಲಿ ಚುಕ್ಕಿಗಳು ಮಿನುಗಿದವು. ಇಬ್ಬನಿ ಅಂದುಕೊಂಡೆ. ಬಗ್ಗಿ ನೋಡಿದರೆ ಒಂದೊಂದೂ ಜೇಡದ ಕಣ್ಣು. ಅಕ್ಕನಿಗೆ ಹೇಳಲಿಲ್ಲ. ಅವಳು ಅಷ್ಟರಲ್ಲಿ ಒಂದು ಸಹಸ್ರಪದಿಗೆ ಮರುಳಾಗಿದ್ದಳು. ಗೈಡ್ ಮೆಲ್ಲಗೆ ಮುಟ್ಟಿದ ಕೂಡಲೇ ಅದು ಸುರುಳಿ ಸುತ್ತಿ, ಸಂದಿಲ್ಲದ ಗೋಲಿಯಾಯಿತು. ನಿಂಬೆಹಣ್ಣಿನ ಗಾತ್ರ, ಪಾಲಿಶ್ ಮಾಡಿದ ಮರದ ಹೊಳಪು. ಅಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ಕಾದಳು. ಐದಾರು ನಿಮಿಷದ ಮೇಲೆ ಒಂದು ಅಂಚು ಬಿರುಕು ಬಿಟ್ಟಿತು, ಎರಡು ಮೀಸೆ ಹೊರಬಂದವು, ಆಮೇಲೆ ಸಾಲುಗಾಲುಗಳು. ಜಿರಳೆಗೆ ಕುರ್ಚಿ ಹತ್ತುವವಳು ಇವಳೇನಾ ಎಂದು ನಾನು ಟಾರ್ಚಿನ ಬೆಳಕನ್ನು ಅವಳ ಮುಖಕ್ಕೆ ಹಿಡಿದೆ. "ಕಚಗುಳಿ ಇಡ್ತಿದೆ ಕಣೇ" ಎಂದಳು.

ಮೂರನೇ ದಿನ

ಗಿಬ್ಬನ್ ಎಂಬ ವಾನರಗಳು ಎಬ್ಬಿಸಿದವು. ಒಂದು ಹೆಣ್ಣು ಕೆಳಗಿನ ಸ್ವರದಿಂದ ಏರುತ್ತ ಏರುತ್ತ ಗುಳ್ಳೆ ಒಡೆದಂತೆ ಮುಗಿಸುತ್ತದೆ, ಇನ್ನೊಂದು ಗುಡ್ಡದಿಂದ ಮತ್ತೊಬ್ಬಳು ಉತ್ತರ ಕೊಡುತ್ತಾಳೆ. ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತು ಕೇಳಿದೆವು. ಒಂದನ್ನೂ ನೋಡಲಿಲ್ಲ.

ಇದು ಈ ಕಾಡಿನ ರೀತಿ. ಟೀವಿಯಲ್ಲಿ ನೋಡಿದ ಕಾಡಿನಲ್ಲಿ ಪ್ರತಿ ನಿಮಿಷಕ್ಕೊಂದು ಪ್ರಾಣಿ. ಇಲ್ಲಿ ಎಲ್ಲ ನಡೆಯುವುದು ನಲವತ್ತು ಐವತ್ತು ಮೀಟರ್ ಮೇಲೆ. ನಮ್ಮ ಪಾಲಿಗೆ ಬರುವುದು ಸದ್ದು, ತಿಂದು ಎಸೆದ ಸಿಪ್ಪೆ, ಹಿಕ್ಕೆ. ಅದಕ್ಕೇ ಮರಗಳ ನೆತ್ತಿಗೆ ತೂಗುಸೇತುವೆ ಕಟ್ಟಿದ್ದಾರೆ, ನೆಲದಿಂದ ಸುಮಾರು 27 ಮೀಟರ್ ಎತ್ತರದಲ್ಲಿ. ಒಂದು ಮರದ ಕಾಂಡಕ್ಕೆ ಅಟ್ಟಣಿಗೆ, ಅಲ್ಲಿಂದ ಇನ್ನೊಂದಕ್ಕೆ ಹಗ್ಗದ ದಾರಿ. 27 ಮೀಟರ್ ಏರಿದ ಮೇಲೂ ದೊಡ್ಡ ಮರಗಳ ಮೊದಲ ಕೊಂಬೆ ಇನ್ನೂ ನಮ್ಮ ತಲೆಯ ಮೇಲೆಯೇ ಇತ್ತು. ಇವೆಲ್ಲ ಬಹುಪಾಲು ಧೂಪದ ಮರದ ಕುಟುಂಬದವು. ಪ್ರತಿ ವರ್ಷ ಹೂ ಬಿಡುವುದಿಲ್ಲ. ಎಷ್ಟೋ ವರ್ಷ ಸುಮ್ಮನಿದ್ದು, ಒಂದು ಬರಗಾಲದ ಬೆನ್ನಿಗೆ ನೂರಾರು ಜಾತಿಗಳು ಮಾತಾಡಿಕೊಂಡ ಹಾಗೆ ಒಟ್ಟಿಗೇ ಹೂ ಬಿಡುತ್ತವೆ. ತಿನ್ನುವವರು ತಿಂದು ಮುಗಿಸಲಾರದಷ್ಟು ಬೀಜ ಒಂದೇ ಸಲ ಉದುರಿದರೆ ಕೆಲವಾದರೂ ಮೊಳೆಯುತ್ತವೆಯಲ್ಲ. ಹಳೆಯ ಒಣಬೀಜವೊಂದು ಅಟ್ಟಣಿಗೆಯ ಸಂದಿಯಲ್ಲಿ ಸಿಕ್ಕಿತು, ಉದ್ದನೆಯ ರೆಕ್ಕೆಗಳಿದ್ದವು. ಗೈಡ್ ಅದನ್ನು ಕೆಳಗೆ ಬಿಟ್ಟ. ಗಿರಗಿಟ್ಟಲೆಯಂತೆ ಸುತ್ತುತ್ತ, ಆತುರವೇ ಇಲ್ಲದೆ ಇಳಿದುಹೋಯಿತು.

ಇದೇ ಡಾನಮ್‌ನಲ್ಲಿ 100.8 ಮೀಟರ್ ಎತ್ತರದ ಹಳದಿ ಮೆರಂತಿ ಮರವಿದೆ. ವಿಮಾನದಿಂದ ಲೇಸರ್ ಹಾಯಿಸಿ ಕಾಡಿನ ನಕ್ಷೆ ಮಾಡುವಾಗ 2018ರಲ್ಲಿ ಕಣ್ಣಿಗೆ ಬಿತ್ತು. 2019ರ ಜನವರಿಯಲ್ಲಿ ಒಬ್ಬ ಸ್ಥಳೀಯ ಮರ ಹತ್ತುಗ ತುದಿಗೆ ಏರಿ, ಅಳತೆಪಟ್ಟಿ ಇಳಿಬಿಟ್ಟು ಅಳೆದ. ಉಷ್ಣವಲಯದಲ್ಲಿ ಈವರೆಗೆ ಅಳೆದ ಮರಗಳಲ್ಲೆಲ್ಲ ಅತಿ ಎತ್ತರದ್ದು. ಹೆಸರು ಮೆನಾರಾ. ಗೋಪುರ ಎಂದು ಅರ್ಥ, ನಮ್ಮ ಮಿನಾರಿನ ಒಡಹುಟ್ಟು. ಅದನ್ನು ನೋಡಲು ನಮ್ಮಂಥವರನ್ನು ಕರೆದೊಯ್ಯುವುದಿಲ್ಲ. ನನಗದು ಸರಿ ಅನಿಸಿತು. ನಾವು ನೋಡಿದ್ದು ಮೆಂಗಾರಿಸ್ ಎಂಬ ಬಿಳಿಕಾಂಡದ ದೈತ್ಯ ಮರ. ಅದರ ಕೊಂಬೆಗಳ ಕೆಳಗೆ ಅರ್ಧಚಂದ್ರದ ಕಪ್ಪು ಹಲಗೆಗಳು ತೂಗುತ್ತಿದ್ದವು. ಬೈನಾಕ್ಯುಲರ್ ಸರಿಮಾಡಿಕೊಂಡ ಅಕ್ಕ "ಹೆಜ್ಜೇನು!" ಎಂದಳು. ಹೌದು, ಅದೇ ಹೆಜ್ಜೇನು, ಅದೇ ಜಾತಿ. ಸಮುದ್ರದಾಚೆ ಹಳೆಯ ಪರಿಚಯದವರು ಸಿಕ್ಕಂತಾಯಿತು.

ಅಷ್ಟರಲ್ಲಿ ತಲೆಯ ಮೇಲೆ ಹಳೆಯ ಉಗಿಬಂಡಿ ಉಸಿರುಬಿಟ್ಟಂತೆ ಹುಸ್ಸು ಹುಸ್ಸು ಎನ್ನುವ ಸದ್ದು. ಎರಡು ಮಂಗಟ್ಟೆ ಹಕ್ಕಿಗಳು, ಕೊಕ್ಕಿನ ಮೇಲೆ ಬಾಳೆಕಾಯಿಯಂತೆ ಮೇಲಕ್ಕೆ ಬಾಗಿದ ಕಿತ್ತಳೆ ಕೊಂಬು. ರೆಕ್ಕೆಯ ಸದ್ದೇ ಅಷ್ಟು. ಗೂಡು ಮಾಡುವಾಗ ಹೆಣ್ಣು ಪೊಟರೆಯೊಳಗೆ ಸೇರಿ ಅದರ ಬಾಯಿಗೆ ಮಣ್ಣು ಮೆತ್ತಿಕೊಂಡು ತಿಂಗಳುಗಟ್ಟಲೆ ಒಳಗೇ ಇರುತ್ತದೆ, ಗಂಡು ಒಂದು ಸೀಳಿನಿಂದ ಹಣ್ಣು ತಂದುಕೊಡುತ್ತದೆ. "ಸುವಾಮಿ" ಎಂದಳು ಅಕ್ಕ, ಗಂಭೀರವಾಗಿ.

ಇಳಿದು ಬರುವಾಗ ನನ್ನ ಬಲಗಾಲು ಒಂದು ಥರ ಹಗುರವಾಯಿತು. ಹಿಂದೆ ತಿರುಗಿ ನೋಡಿದರೆ ಶೂ ತಳ ಪೂರ್ತಿ ಕಳಚಿ ಕೆಸರಿನಲ್ಲಿ ಬಿದ್ದಿತ್ತು, ಬೆಲ್ಲದಚ್ಚು ಬಿಟ್ಟುಕೊಂಡ ಹಾಗೆ ಸಲೀಸಾಗಿ. ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟ ಶೂಗಳ ತಳದ ಫೋಮು ಗಾಳಿಯ ತೇವಕ್ಕೇ ಒಳಗೊಳಗೆ ಪುಡಿಯಾಗಿರುತ್ತದಂತೆ. ಇದು ನನಗೆ ಆಮೇಲೆ ತಿಳಿದ ವಿಷಯ. ಅಕ್ಕ ಏನೂ ಹೇಳಲಿಲ್ಲ. ತನ್ನ ರಬ್ಬರ್ ಶೂ ಕಾಲನ್ನು ಮುಂದಿಟ್ಟು ಒಂದು ಸಲ ನೋಡಿಕೊಂಡಳು, ಅಷ್ಟೆ. ಲಾಡ್ಜಿನವರು ಗಮ್‌ಬೂಟ್ ಎರವಲು ಕೊಟ್ಟರು, ಒಂದು ಅಳತೆ ದೊಡ್ಡದು.

ಸಂಜೆ ಐದೂವರೆಗೆ ಗೈಡ್ ಓಡಿಕೊಂಡು ಬಂದ. ಲಾಡ್ಜಿನಿಂದ ಕಾಲು ಗಂಟೆ ದೂರ, ವ್ಯಾನ್ ಬಂದ ಜಲ್ಲಿ ರಸ್ತೆಯ ಪಕ್ಕದಲ್ಲೇ, ಹೆಣ್ಣು ಒರಾಂಗುಟಾನ್ ಒಂದು ಮರಿಯ ಜೊತೆ. ಗಮ್‌ಬೂಟ್ ಗೊಳಗೊಳ ಎನ್ನಿಸಿಕೊಂಡು ಓಡಿದೆ.

ಮೊದಲು ಕಂಡದ್ದು ಒಂದು ತುಕ್ಕುಬಣ್ಣದ ತೇಪೆ, ಎಲೆಗಳ ನಡುವೆ. ಆಮೇಲೆ ಅದಕ್ಕೊಂದು ತೋಳು ಮೂಡಿತು. ಆಮೇಲೆ ಇನ್ನೂ ಉದ್ದವಾಯಿತು ಆ ತೋಳು. ಅವಳು ಒಂದು ಕವಲಿನಲ್ಲಿ ಕೂತು ಸುತ್ತಲಿನ ಕೊಂಬೆಗಳನ್ನು ಒಂದೊಂದಾಗಿ ತನ್ನತ್ತ ಬಗ್ಗಿಸಿ, ಪೂರ್ತಿ ಮುರಿಯದೆ ಅರ್ಧ ಮುರಿದು, ಕಾಲಡಿ ಅದುಮುತ್ತಿದ್ದಳು. ಹಾಸಿಗೆ ಹಾಸುತ್ತಿದ್ದಾಳೆ ಎಂದ ಗೈಡ್. ಪ್ರತಿ ರಾತ್ರಿ ಹೊಸದು. ದಪ್ಪ ಕೊಂಬೆ ಕೆಳಗೆ ಚೌಕಟ್ಟಾಗಿ, ಸಣ್ಣವು ಅದರ ಮೇಲೆ ಹೆಣೆದು, ಕೊನೆಗೆ ಎಲೆಗೊಂಚಲು ಕಿತ್ತು ಮೆತ್ತೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಮರಿ ಅಷ್ಟೂ ಹೊತ್ತು ಪಕ್ಕದ ಬಳ್ಳಿಗೆ ಒಂದೇ ಕೈಯಲ್ಲಿ ಜೋತುಬಿದ್ದು ಸುಮ್ಮನೆ ಅಡ್ಡಿ ಮಾಡುತ್ತಿತ್ತು. ಅವಳು ಒಂದು ಕಾಲು ಚಾಚಿ ಅದನ್ನು ಹಿಡಿದು ಒಳಗೆಳೆದುಕೊಂಡಳು. ಇಬ್ಬರೂ ಮಾಯ. ಕೊಂಬೆಗಳ ಕಪ್ಪು ಮುದ್ದೆ ಮಾತ್ರ ಉಳಿಯಿತು.

"ಬೆಳಿಗ್ಗೆ ಐದೂವರೆಗೆ ಬಂದರೆ ಏಳುವುದನ್ನು ನೋಡಬಹುದು" ಎಂದ ಗೈಡ್. ಅಕ್ಕ ನನ್ನನ್ನು ನೋಡಿದಳು. ಬೆಳಿಗ್ಗೆ ನನಗೆ ಐವತ್ತು.

ನಾಲ್ಕನೇ ದಿನ

ರಾತ್ರಿಯಿಡೀ ಮಳೆ. ನಾಲ್ಕೂಮುಕ್ಕಾಲಿಗೆ ಅಲಾರಾಂ ಹೊಡೆದಾಗಲೂ ಸುರಿಯುತ್ತಿತ್ತು. ಇಲ್ಲಿ ವರ್ಷಕ್ಕೆ ಸುಮಾರು 2,800 ಮಿಲಿಮೀಟರ್ ಮಳೆ, ಅದೂ ಇಂಥದೇ ಕಾಲ ಎಂದಿಲ್ಲದೆ ಹಂಚಿಕೊಂಡು ಬೀಳುತ್ತದೆ. ಮೂರು ದಿನದಿಂದ ಒಣಗಹಾಕಿದ್ದ ಅಂಗಿ ತೊಟ್ಟಾಗಲೂ ಒದ್ದೆಯೇ. ಅಕ್ಕ ಮಂಚದ ಅಂಚಿನಲ್ಲಿ ಕೂತು ಉಂಬಳದ ಕಾಲುಚೀಲ ಎಳೆದುಕೊಳ್ಳುತ್ತ "ಹ್ಯಾಪಿ ಬರ್ತ್‌ಡೇ ಕಣೇ, ನೂರು ವರ್ಷ ಬಾಳು, ಆದರೆ ಮುಂದಿನ ಸಲ ಹಾಲ್ ಬುಕ್ ಮಾಡು" ಎಂದಳು.

ಐದೂವರೆಗೆ ಮರದ ಕೆಳಗಿದ್ದೆವು. ಕತ್ತಲು, ಮಳೆ ತಗ್ಗಿ ಎಲೆಗಳಿಂದ ತೊಟ್ಟಿಕ್ಕುವ ಸದ್ದು. ಗಿಬ್ಬನ್‌ಗಳು ಹಾಡಲಿಲ್ಲ, ಒದ್ದೆ ಬೆಳಗಿನಲ್ಲಿ ಅವಕ್ಕೂ ಮನಸ್ಸಾಗುವುದಿಲ್ಲ. ಆರು ದಾಟಿದಾಗ ಬೂದುಬೆಳಕಿನಲ್ಲಿ ಗೂಡು ಕಂಡಿತು. ಅಲುಗಾಟವಿಲ್ಲ. ಆರೂವರೆ. ಕುತ್ತಿಗೆ ಮೇಲೆತ್ತಿ ಎತ್ತಿ ಹಿಡಿದುಕೊಂಡಿತು. ಎಡ ಕುತ್ತಿಗೆಗೆ ಚುರ್ ಎಂದಿತು. ಹುಲಿ ಉಂಬಳ. ಗೈಡ್ ಉಗುರಿನಿಂದ ಬದಿಗೆ ತಳ್ಳಿ ಬಿಡಿಸಿ, ಉಂಡೆ ಮಾಡಿ ಚಿಮ್ಮಿಸಿದ. ರಕ್ತ ಕಾಲರಿನೊಳಗೆ ಇಳಿಯಿತು, ನಿಲ್ಲಲಿಲ್ಲ. ಅದರ ಎಂಜಲಿನಲ್ಲೇ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮದ್ದಿರುತ್ತದೆ. ಏಳು ಗಂಟೆ.

"ಹುಟ್ಟುಹಬ್ಬ ನಿನ್ನದು, ಹೊದ್ದು ಮಲಗಿರೋಳು ಅವಳು" ಎಂದು ಅಕ್ಕ ಪಿಸುಗುಟ್ಟಿದಳು.

ಎರಡು ಗಂಟೆ ಒಂದು ಗೂಡಿನ ಕೆಳಗೆ ನಿಂತರೆ ಗೂಡನ್ನು ಬಿಟ್ಟು ಉಳಿದದ್ದೆಲ್ಲ ಕಾಣತೊಡಗುತ್ತದೆ. ಬೇರಿನ ಹಲಗೆಯೊಂದರ ಮೇಲೆ ಕರಡಿಯ ಉಗುರಿನ ಐದು ಗೆರೆ, ಅಂಟು ಒಣಗಿ ಹರಳಾಗಿತ್ತು. ಇಲ್ಲಿಯದು ಎಲ್ಲ ಕರಡಿಗಳಿಗಿಂತ ಚಿಕ್ಕ ಜಾತಿಯ ಸೂರ್ಯಕರಡಿ, ಜೇನಿಗಾಗಿ ಮರ ಬಗೆಯುತ್ತದೆ. ಆ ಅಂಟಿನ ಹರಳಿಗೆ ಒಂದು ಇರುವೆ ಬಂದು ಮೀಸೆ ತಾಗಿಸಿ ಹಿಂದೆ ಸರಿಯಿತು, ಇನ್ನೊಂದನ್ನು ಕರೆತಂತು. ಅವೆರಡರ ಸಮಾಲೋಚನೆ ಮುಗಿಯುವ ಹೊತ್ತಿಗೆ ಮೇಲೆ ಏನೋ ಸರಕ್ಕೆಂದಿತು.

ಒಂದು ಕೈ. ಗೂಡಿನ ಅಂಚಿನಿಂದ ಮೇಲಕ್ಕೆದ್ದು, ಬೆರಳು ಬಿಡಿಸಿ ಗಾಳಿಯಲ್ಲಿ ನಿಂತಿತು. ಮಳೆ ಇದೆಯೋ ಇಲ್ಲವೋ ಎಂದು ಕಿಟಕಿಯಿಂದ ಕೈ ಚಾಚಿ ನೋಡುತ್ತೇವಲ್ಲ, ಥೇಟ್ ಹಾಗೆ. ಇತ್ತು ಮಳೆ. ಕೈ ಪಕ್ಕದ ಕೊಂಬೆಯಿಂದ ಎಲೆಗೊಂಚಲು ಮುರಿದು ಒಳಗೆಳೆದುಕೊಂಡಿತು. ಮತ್ತೆ ಸದ್ದಿಲ್ಲ.

"ಇನ್ನೈದು ನಿಮಿಷ ಮಲಗ್ತೀನಿ ಅಂತ" ಎಂದು ಅಕ್ಕ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

ಏಳೂವರೆಯ ಮೇಲೆ ಅವಳು ಎದ್ದು ಕೂತಳು, ಎಲೆಗೊಂಚಲು ತಲೆಯ ಮೇಲೆ ಛತ್ರಿಯಾಗಿ. ಮುಖ ಕಪ್ಪು, ಕಣ್ಣು ಇನ್ನೂ ನಿದ್ದೆಯಲ್ಲಿ. ಗೂಡಿನ ಅಂಚಿಗೆ ಸರಿದಳು. ಗೈಡ್ "ಕಾಕ್, ಹಿಂದೆ, ಹಿಂದೆ" ಎಂದು ಅಕ್ಕನ ತೋಳು ಹಿಡಿದು ಎಳೆದ. ನನ್ನನ್ನು ಎಳೆಯಲು ಅವನಿಗೆ ಮೂರನೆಯ ಕೈ ಇರಲಿಲ್ಲ. ಬೈನಾಕ್ಯುಲರ್ ಕಣ್ಣಿಗೊತ್ತಿಕೊಂಡು ಬಾಯಿ ತೆರೆದು ನಿಂತಿದ್ದ ನಾನು ಕಂಡದ್ದು ಇಪ್ಪತ್ತೈದು ಮೀಟರ್ ಮೇಲಿನಿಂದ ಬರುತ್ತಿರುವ ಒಂದು ಹೊಳೆಯುವ ಧಾರೆ. ಎದ್ದೊಡನೆ ಮೊದಲ ಕೆಲಸ ಎಲ್ಲರಿಗೂ ಒಂದೇ ತಾನೆ. ಬಾಯಿ ಮುಚ್ಚುವಷ್ಟು ವೇಳೆ ಸಿಕ್ಕಿತು, ಅದು ನನ್ನ ಪುಣ್ಯ. ಟೋಪಿ ಮತ್ತು ಬಲ ಭುಜಕ್ಕೆ ಬಿತ್ತು. ಬೆಚ್ಚಗಿತ್ತು. ಘಾಟು ವಾಸನೆ, ಹುಳಿಬಂದ ಹಣ್ಣಿನದು.

ಅಕ್ಕ ನೆಲದಲ್ಲಿ ಕೂತುಬಿಟ್ಟಳು. ಉಂಬಳ, ಇರುವೆ, ಕೆಸರು ಯಾವುದರ ಪರಿವೆಯೂ ಇಲ್ಲ. ಸದ್ದಾಗದ ಹಾಗೆ ನಗುವುದು ಹೇಗೆಂದು ಗೊತ್ತಾಗದೆ ಟೋಪಿಯನ್ನು ಕಚ್ಚಿಕೊಂಡಿದ್ದಳು, ಕಣ್ಣಲ್ಲಿ ನೀರು. "ಅಭಿಷೇಕ" ಎಂದಳು, ಉಸಿರು ಸಿಕ್ಕಾಗ.

ಮರಿ ಹೊರಬಂತು. ಕಣ್ಣಿನ ಸುತ್ತ, ಬಾಯಿಯ ಸುತ್ತ ತಿಳಿಗುಲಾಬಿ. ತಲೆಯ ಕೂದಲು ನಾಲ್ಕೂ ದಿಕ್ಕಿಗೆ. ಅದು ತಲೆಕೆಳಗಾಗಿ ಜೋತು, ನಾಲಿಗೆ ಚಾಚಿ, ಕೊಂಬೆಯಿಂದ ಬೀಳುವ ಹನಿಗಳನ್ನು ಹಿಡಿಯುತ್ತಿತ್ತು. ಮೂರರಲ್ಲಿ ಎರಡು ತಪ್ಪುತ್ತಿತ್ತು. ಅಮ್ಮ ಏನನ್ನೂ ಮಾಡದೆ ಕೂತಿದ್ದಳು. ಒಂದು ಮರಿಗೂ ಇನ್ನೊಂದಕ್ಕೂ ಏಳೆಂಟು ವರ್ಷದ ಅಂತರ ಇವುಗಳಲ್ಲಿ; ಅಲ್ಲಿಯವರೆಗೂ ಮರಿ ಅಮ್ಮನ ಗೂಡಿನಲ್ಲೇ ಮಲಗುತ್ತದೆ, ಯಾವ ಹಣ್ಣು, ಯಾವ ಮರ, ಹಾಸಿಗೆ ಹಾಸುವುದು ಹೇಗೆ ಎಲ್ಲ ನೋಡಿ ಕಲಿಯುತ್ತದೆ. ಇವಳ ವಯಸ್ಸೆಷ್ಟು ಎಂದು ಅಕ್ಕ ಕೇಳಿದಳು. ಗೈಡಿಗೆ ಗೊತ್ತಿರಲಿಲ್ಲ.

ಎಂಟು ಗಂಟೆಗೆ ಅವಳು ಒಂದು ತೆಳು ಮರವನ್ನು ಹಿಡಿದು ತನ್ನ ಭಾರದಿಂದಲೇ ತೂಗಿ, ತೂಗಿ, ಆಚೆ ಮರಕ್ಕೆ ಕೈ ಎಟುಕಿದ ಕೂಡಲೇ ದಾಟಿಕೊಂಡಳು. ಮರಿ ಸೊಂಟಕ್ಕೆ ಅಂಟಿಕೊಂಡಿತ್ತು. ನಾಲ್ಕೇ ಮರ. ಆಮೇಲೆ ಎಲೆ ಅಲುಗುವುದಷ್ಟೇ ಕಂಡಿತು, ಆಮೇಲೆ ಅದೂ ಇಲ್ಲ.

ಊಟದ ಹೊತ್ತಿಗೆ ಅಡುಗೆಮನೆಯವರೆಲ್ಲ ಸಾಲಾಗಿ ಬಂದು 'ಸೆಲಾಮತ್ ಹಾರಿ ಜಾದಿ' ಹಾಡಿದರು. ನನಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಕೇಕ್ ಹಸಿರು! ಪಾಂಡಾನ್ ಎಂಬ ಎಲೆಯ ರಸ ಹಾಕಿ ಮಾಡಿದ್ದು. ಅದು ಕೇದಗೆಯ ಕುಲದ್ದೇ ಗಿಡ, ಬಾಸುಮತಿ ಅಕ್ಕಿಯಂಥ ಪರಿಮಳ. ಎರಡು ತುಂಡು ತಿಂದೆ. ಆ ಹೊತ್ತಿಗೆ ಮೂರು ಸಲ ಸ್ನಾನ ಮಾಡಿದ್ದರೂ ಅಕ್ಕ ಮೇಜಿನ ಇನ್ನೊಂದು ತುದಿಯಲ್ಲೇ ಕೂತಳು.

ಮಧ್ಯಾಹ್ನ ಶವಪೆಟ್ಟಿಗೆಯ ಬಂಡೆಗೆ ಹತ್ತಿದೆವು. ಈ ನದಿಯ ದಂಡೆಯಲ್ಲಿ ಹಿಂದೆ ಬದುಕಿದ್ದ ಜನ ತಮ್ಮವರನ್ನು ಕಡಿದಾದ ಬಂಡೆಯ ಬಿರುಕಿನಲ್ಲಿ, ಬೆಲಿಯಾನ್ ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರದ ಮರ ಅದು, ಗೆದ್ದಲು ಮುಟ್ಟುವುದಿಲ್ಲ. ಪೆಟ್ಟಿಗೆಗೆ ಮಲಯದಲ್ಲಿ ಕೆರಾಂಡಾ ಎನ್ನುತ್ತಾರೆ. ನನಗೆ ಕರಡಿಗೆ ನೆನಪಾಯಿತು. ಬೂದು ಹಲಗೆ, ಕೆಲವು ಮೂಳೆ, ಒಂದು ತಲೆಬುರುಡೆ. "ಹುಟ್ಟಿದ ದಿನ ಇಂಥದ್ದನ್ನೆಲ್ಲ ನೋಡ್ತಾರೇನೇ?" ಎಂದು ಬೈದ ಅಕ್ಕನೇ ಹೆಚ್ಚು ಹೊತ್ತು ನಿಂತು ನೋಡಿದಳು. ಕೆಳಗೆ ನದಿ ಮಂಜಿನಲ್ಲಿ ತಿರುಗುತ್ತಿತ್ತು. ಆರು ಗಂಟೆಯ ಜೀರುಂಡೆಗೆ ಮುಂಚೆ ಇಳಿದುಬಿಟ್ಟೆವು.

ಐದನೇ ದಿನ

ಗಮ್‌ಬೂಟ್ ಹಿಂದಿರುಗಿಸಿ, ನನ್ನ ದುಬಾರಿ ಶೂಗಳಿಗೆ ಸುತಲಿ ಹಗ್ಗ ಸುತ್ತಿ ಗಂಟು ಹಾಕಿಕೊಂಡೆ. ಗೈಡ್‌ಗೆ ರಜೆ, ಅವನೂ ವ್ಯಾನಿನಲ್ಲಿ ಬಂದ. ಗೂಡಿನ ಮರದ ಬಳಿ ನಿಲ್ಲಿಸಲು ಹೇಳಿದ. ಒಂದೇ ದಿನಕ್ಕೆ ಮೆತ್ತೆಯ ಎಲೆ ಬಾಡಿ ಬಣ್ಣಗೆಟ್ಟಿತ್ತು. ಅವನು ಕಿಸೆಯಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡ. ಒರಾಂಗುಟಾನ್‌ಗಳನ್ನು ಎಣಿಸುವುದು ಕಷ್ಟ, ಅದಕ್ಕೇ ಗೂಡು ಎಣಿಸುತ್ತಾರೆ, ಎಷ್ಟು ಹಳೆಯದೆಂದು ನೋಡಿ ಲೆಕ್ಕ ಹಾಕುತ್ತಾರೆ ಎಂದ. 2016ರಿಂದ ಬೋರ್ನಿಯೋದ ಒರಾಂಗುಟಾನ್ ತೀವ್ರವಾಗಿ ಅಳಿವಿನಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ.

ಜಲ್ಲಿ ರಸ್ತೆಯಲ್ಲಿ ಕುಲುಕುತ್ತ ಅವನು ಘೇಂಡಾಮೃಗದ ಕಥೆ ಹೇಳಿದ. ಸುಮಾತ್ರಾ ಘೇಂಡಾ, ಮೈಮೇಲೆ ಕೂದಲಿರುವ ಚಿಕ್ಕ ಜಾತಿ. 2014ರಲ್ಲಿ ಡಾನಮ್‌ನಲ್ಲಿ ಒಂದು ಹೆಣ್ಣನ್ನು ಹಿಡಿದು, ಸಂತಾನ ಮಾಡಿಸುವ ಆಸೆಯಿಂದ ತಬಿನ್ ಅಭಯಾರಣ್ಯಕ್ಕೆ ಸಾಗಿಸಿದರು. ಇಮಾನ್ ಎಂದು ಹೆಸರಿಟ್ಟರು. 2019ರ ನವೆಂಬರ್ 23ರಂದು ಅದು ಸತ್ತಿತು. ಮಲೇಷ್ಯಾದಲ್ಲಿ ಇನ್ನೊಂದಿಲ್ಲ. ಆಮೇಲೆ ತಾಳೆ ತೋಟ ಶುರುವಾಗುವ ತನಕ ಯಾರೂ ಮಾತಾಡಲಿಲ್ಲ.

ಲಹದ್ ದಾತುವಿನಲ್ಲಿ ಇಳಿದ ಮೇಲೆ ಅಕ್ಕ ನನ್ನನ್ನು ನೇರವಾಗಿ ಕರೆದೊಯ್ದದ್ದು ಅದೇ ಅಂಗಡಿಗೆ. ಅಳತೆ ನೋಡಲು ಸುತಲಿ ಬಿಚ್ಚಿ, ಕಾಲುಚೀಲ ಕಳಚಿದೆ. ದ್ರಾಕ್ಷಿಯಷ್ಟು ಊದಿದ ಉಂಬಳವೊಂದು ಉರುಳಿ ಅಂಗಡಿಯ ಸಿಮೆಂಟು ನೆಲದ ಮೇಲೆ ಬಿತ್ತು. ಅಂಗಡಿಯವನು ಗಾಬರಿಯಾಗಲಿಲ್ಲ, ಬೇಜಾರು ಕೂಡ ಮಾಡಿಕೊಳ್ಳಲಿಲ್ಲ. ಪೊರಕೆ ತಂದು ಅದನ್ನು ಚರಂಡಿಗೆ ಸರಿಸಿ, ನನ್ನ ಬಿಟ್ಟುಕೊಂಡ ಶೂ ತಳದ ಕಡೆ ಒಮ್ಮೆ ನೋಡಿದ.

"ಡಾನಮ್?" ಎಂದ.

"ಡಾನಮ್" ಎಂದಳು ಅಕ್ಕ, ರಬ್ಬರ್ ಶೂಗಳ ರಾಶಿಯಲ್ಲಿ ನನ್ನ ಅಳತೆ ಹುಡುಕುತ್ತ.